ಕಾರ್ಡಿನ ಹಿಂಬದಿಯನ್ನೂ ಓದಬೇಕು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಭಾವನವರ ಕರೆ ಬಂತು. ಅಕ್ಕನ ಮಗ ಎಂ.ಡಿ. ಮುಗಿಸಿದ್ದಾನೆ, ಕೆನಡಾಕ್ಕೆ ಬರುವ ಮನಸ್ಸು ಮಾಡಿದ್ದಾನೆ. “ನಮ್ಮ ಚಿಕ್ಕಪ್ಪ 1971ರಲ್ಲಿ ಬಂದವರು, ವರ್ಷ ತುಂಬುವುದರೊಳಗೆ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ನೀನೂ ಅಲ್ಲಿ ಚೆನ್ನಾಗಿಯೇ ಇದ್ದೀಯ. ಇವನಿಗೆ ಎಷ್ಟು ದಿನ ಹಿಡಿದೀತು?” ಎಂದು ಕೇಳಿದರು. ಪ್ರಶ್ನೆ ಸರಳವಾಗಿತ್ತು. ಉತ್ತರ ಮಾತ್ರ ಬಾಯಿಗೆ ಬರಲಿಲ್ಲ. “ವಿವರವಾಗಿ ಬರೆಯುತ್ತೇನೆ ಭಾವ” ಎಂದು ಫೋನ್ ಇಟ್ಟೆ. ಆ ಹೊತ್ತಿಗೆ ನನಗೆ ನೆನಪಾದದ್ದು ನೆಲಮಾಳಿಗೆಯ ಕಪಾಟಿನಲ್ಲಿರುವ ಒಂದು ಶೂ ಪೆಟ್ಟಿಗೆ. ಅದರ ತುಂಬ ಮಗ ಬಾಲ್ಯದಲ್ಲಿ ಕೂಡಿಟ್ಟ ಹಾಕಿ ಕಾರ್ಡುಗಳಿವೆ. ಭಾವನವರ ಪ್ರಶ್ನೆಗೂ ಆ ಪೆಟ್ಟಿಗೆಗೂ ಏನು ಸಂಬಂಧವೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಹಾಕಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನಗಳು, ಕೊಡವ ಕುಟುಂಬಗಳ ಪಂದ್ಯಾವಳಿ. ಕೆನಡಾದಲ್ಲಿ ಆ ಹೆಸರು ಮಂಜುಗಡ್ಡೆಯ ಮೇಲಿನ ಆಟಕ್ಕೆ ಸಲ್ಲುತ್ತದೆ. ಇಲ್ಲಿನ ಮಕ್ಕಳಿಗೆ ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗಿನ ಆಟಗಾರರ ಕಾರ್ಡುಗಳೆಂದರೆ, ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣದ ಚಿತ್ರಗಳಿದ್ದ ಹಾಗೆ: ಕೂಡಿಡುವುದು, ಎರಡಿದ್ದರೆ ಬದಲಾಯಿಸಿಕೊಳ್ಳುವುದು, ಜಗಳವಾಡುವುದು. ನಾನು ಈಗ ವೃತ್ತಿ ನಡೆಸುವ ಪ್ರದೇಶದ ದೊಡ್ಡ ಊರು ಒಂಟಾರಿಯೊ ಪ್ರಾಂತ್ಯದ ಲಂಡನ್. ಈ ಊರಿನಲ್ಲಿ 1911ರಲ್ಲಿ ಹುಟ್ಟಿದ ಓ-ಪೀ-ಚೀ ಎಂಬ ಮಿಠಾಯಿ ಕಂಪನಿ 1933ರಲ್ಲಿ ಚ್ಯೂಯಿಂಗ್ ಗಮ್ ಜೊತೆ ಹಾಕಿ ಕಾರ್ಡುಗಳನ್ನು ಕೊಡಲು ಆರಂಭಿಸಿತು. ಕೊಳ್ಳುವ ಮಗು ತಿನ್ನುತ್ತಿದ್ದುದು ಗಮ್, ಉಳಿಯುತ್ತಿದ್ದುದು ಕಾರ್ಡು. ಮುಂಬದಿಯಲ್ಲಿ ಆಟಗಾರನ ಬಣ್ಣದ ಚಿತ್ರ. ಹಿಂಬದಿಯಲ್ಲಿ ಹುಟ್ಟಿದ ದಿನ, ಹುಟ್ಟಿದ ಊರು, ಆಡಿದ ಪಂದ್ಯ, ಹೊಡೆದ ಗೋಲು, ಶಿಕ್ಷೆಯಾಗಿ ಹೊರಗೆ ಕುಳಿತ ನಿಮಿಷಗಳು. ಜನ ಅಲಂಕಾರಕ್ಕೆ ಇಡುವುದು ಮುಂಬದಿಯನ್ನು. ಬದುಕು ಇರುವುದು ಹಿಂಬದಿಯಲ್ಲಿ.

ಮಗನಿಗೆ ಹತ್ತು ವರ್ಷವಾಗಿದ್ದಾಗ, 2015ರಲ್ಲಿ, ನಾವಿದ್ದ ಸಣ್ಣ ಊರಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತಾ ಅಂಗಳದಲ್ಲಿ ಹಳೆಯ ಸಾಮಾನು ಮಾರುತ್ತಿದ್ದರು. ಅಲ್ಲಿ ಐದು ಡಾಲರಿಗೆ ಆ ಶೂ ಪೆಟ್ಟಿಗೆ ಸಿಕ್ಕಿತು. ಅದರಲ್ಲಿದ್ದ ಹೆಚ್ಚಿನ ಕಾರ್ಡುಗಳು 1990-91ರ ಋತುವಿನವು. ಆ ವರ್ಷಗಳಲ್ಲಿ ಕಂಪನಿಗಳು ಪೈಪೋಟಿಗೆ ಬಿದ್ದು ಮಿತಿಮೀರಿ ಮುದ್ರಿಸಿದ್ದರಿಂದ ಅವುಗಳಿಗೆ ಇಂದಿಗೂ ಬೆಲೆ ಇಲ್ಲ. ಮಗನಿಗೆ ಅದರ ಚಿಂತೆ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ‘ರೂಕಿ’ ಕಾರ್ಡುಗಳನ್ನು ಬೇರೆ ಜೋಡಿಸತೊಡಗಿದ. ರೂಕಿ ಎಂದರೆ ಹೊಸಬ. ಆಟಗಾರನೊಬ್ಬನ ಮೊದಲ ಕಾರ್ಡಿಗೆ ಸಂಗ್ರಾಹಕರಲ್ಲಿ ವಿಶೇಷ ಮಾನ. ಹೀಗೆ ಜೋಡಿಸುತ್ತಿದ್ದವನು ಒಂದು ಕಾರ್ಡಿನ ಹಿಂಬದಿ ನೋಡಿ ನಿಂತ.

“ಅಪ್ಪಾ, ಇವರು ಹುಟ್ಟಿದ್ದು 1958. ಇಷ್ಟು ವಯಸ್ಸಾದವರು ರೂಕಿ ಹೇಗಾಗ್ತಾರೆ?”

ಕಾರ್ಡಿನಲ್ಲಿದ್ದವರು ಸೆರ್ಗೆಯ್ ಮಕಾರೋವ್. ನನಗೆ ಆಗ ಅವರ ಕಥೆ ಗೊತ್ತಿರಲಿಲ್ಲ. ಆ ಪ್ರಶ್ನೆಯ ಉತ್ತರ ಮಾತ್ರ ನನ್ನ ಮೈಯೇ ಬಲ್ಲದ್ದಾಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮಕಾರೋವ್ ಸೋವಿಯತ್ ಒಕ್ಕೂಟದ ಆಟಗಾರ. ಮಾಸ್ಕೋದ ಸೇನಾ ತಂಡಕ್ಕೆ 11 ಋತು ಆಡಿದ್ದರು. 1984 ಮತ್ತು 1988ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಿದ್ದರು. ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಒಬ್ಬರೆಂದು ಆಟ ಬಲ್ಲವರೆಲ್ಲ ಒಪ್ಪಿದ್ದರು. 1989ರಲ್ಲಿ ಗಡಿ ತೆರೆದಾಗ ಅವರು ಕೆನಡಾದ ಕ್ಯಾಲ್ಗರಿ ತಂಡಕ್ಕೆ ಬಂದರು. ಆ ಋತುವಿನಲ್ಲಿ 24 ಗೋಲು ಹೊಡೆದು, 62 ಗೋಲುಗಳಿಗೆ ನೆರವಾಗಿ 86 ಅಂಕ ಗಳಿಸಿದರು. ಲೀಗು ಅವರಿಗೆ ‘ಕಾಲ್ಡರ್ ಟ್ರೋಫಿ’ ಕೊಟ್ಟಿತು. ಅದು ವರ್ಷದ ಅತ್ಯುತ್ತಮ ಹೊಸಬನಿಗೆ ಸಲ್ಲುವ ಪ್ರಶಸ್ತಿ! ಹತ್ತೊಂಬತ್ತು ವರ್ಷದ ಹುಡುಗರ ಜೊತೆ ಸ್ಪರ್ಧಿಸಿ, ಎರಡು ಒಲಿಂಪಿಕ್ ಚಿನ್ನಗಳ ಒಡೆಯ ‘ಹೊಸಬ’ ಎನಿಸಿಕೊಂಡರು. ಹಿಂದಿನ ಹನ್ನೊಂದು ಋತುಗಳು ಈ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ. ಗಲಾಟೆಯಾಯಿತು. 26 ವರ್ಷ ತುಂಬಿದವರಿಗೆ ಈ ಪ್ರಶಸ್ತಿ ಇಲ್ಲವೆಂದು ಲೀಗು ನಿಯಮ ತಿದ್ದಿತು. ಆ ನಿಯಮವನ್ನು ಇಂದಿಗೂ ಜನ ಮಕಾರೋವ್ ಹೆಸರಿನಿಂದಲೇ ಕರೆಯುತ್ತಾರೆ.

ಇದಕ್ಕೆ ಹತ್ತು ವರ್ಷ ಹಿಂದೆ ಇದರ ಮಗ್ಗುಲು ಬದಲಾದ ಘಟನೆ ನಡೆದಿತ್ತು. 1970ರ ದಶಕದಲ್ಲಿ ಎನ್‌ಎಚ್‌ಎಲ್‌ಗೆ ಎದುರಾಳಿಯಾಗಿ ಡಬ್ಲ್ಯುಎಚ್‌ಎ ಎಂಬ ಇನ್ನೊಂದು ಲೀಗು ಇತ್ತು. ಅದು ಮುಚ್ಚಿದಾಗ, 1979ರಲ್ಲಿ, ಅದರ ನಾಲ್ಕು ತಂಡಗಳು ಎನ್‌ಎಚ್‌ಎಲ್‌ಗೆ ಸೇರಿಕೊಂಡವು. ಆ ನಾಲ್ಕರಲ್ಲಿ ಒಂದಾದ ಎಡ್ಮಂಟನ್ ತಂಡದಲ್ಲಿ ವೇಯ್ನ್ ಗ್ರೆಟ್‌ಸ್ಕಿ ಎಂಬ ಹದಿನೆಂಟರ ಹುಡುಗನಿದ್ದ. ಎನ್‌ಎಚ್‌ಎಲ್‌ನ ಮೊದಲ ಋತುವಿನಲ್ಲೇ ಅವನು 137 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ಇನ್ನೊಬ್ಬರೊಡನೆ ಸಮನಾಗಿ ನಿಂತ. ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವವನ್ನೂ ಪಡೆದ. ಆದರೆ ಅತ್ಯುತ್ತಮ ಹೊಸಬನ ಪ್ರಶಸ್ತಿಗೆ ಅವನನ್ನು ಪರಿಗಣಿಸಲೇ ಇಲ್ಲ. ಕಾರಣ, ಹಿಂದಿನ ವರ್ಷ ಆ ಇನ್ನೊಂದು ಲೀಗಿನಲ್ಲಿ ಆಡಿದ್ದನಂತೆ, ಆದ್ದರಿಂದ ಹೊಸಬನಲ್ಲವಂತೆ. ಸರಿ, ಹಾಗಾದರೆ ಅಲ್ಲಿ ಹೊಡೆದ 46 ಗೋಲುಗಳನ್ನು ಅವನ ಲೆಕ್ಕಕ್ಕೆ ಸೇರಿಸಿದರೇ? ಅದೂ ಇಲ್ಲ. ಎನ್‌ಎಚ್‌ಎಲ್ ದಾಖಲೆಯಲ್ಲಿ ಗ್ರೆಟ್‌ಸ್ಕಿಯ ಒಟ್ಟು ಗೋಲು ಇಂದಿಗೂ 894.

ಅನುಭವ ಅಡ್ಡಿಯಾಗುವಲ್ಲಿ ಎಣಿಕೆಗೆ ಬರುತ್ತದೆ. ನೆರವಾಗುವಲ್ಲಿ ಎಣಿಕೆಗೆ ಬರುವುದಿಲ್ಲ. ಹೊರದೇಶದಲ್ಲಿ ಓದಿ ಇಲ್ಲಿಗೆ ಬಂದ ಯಾವ ವೈದ್ಯನಿಗೆ ಬೇಕಾದರೂ ಈ ವಾಕ್ಯವನ್ನು ಹೇಳಿ ನೋಡಿ, ಅವನು ನಕ್ಕುಬಿಡುತ್ತಾನೆ. ತರಬೇತಿಗೆ ಅರ್ಜಿ ಹಾಕಿದ ನನಗೆ ಒಂದು ಕಡೆ, ಪದವಿ ಪಡೆದು ಬಹಳ ವರ್ಷವಾಯಿತು ಎಂದರು. ಇನ್ನೊಂದು ಕಡೆ, ಕೆನಡಾದ ಅನುಭವವಿಲ್ಲ ಎಂದರು. ಒಂದರ ಪ್ರಕಾರ ನಾನು ತೀರ ಹಳಬ. ಇನ್ನೊಂದರ ಪ್ರಕಾರ ತೀರ ಹೊಸಬ.

1979-80ರ ಓ-ಪೀ-ಚೀ ಸಂಚಿಕೆಯಲ್ಲಿ 396 ಕಾರ್ಡುಗಳಿವೆ. ನೀಲಿ ಅಂಚು, ಹಿಂಬದಿ ಬೂದು ರಟ್ಟು, ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಬರಹ. ಗ್ರೆಟ್‌ಸ್ಕಿಯ ರೂಕಿ ಕಾರ್ಡು ಇರುವುದು ಅದರಲ್ಲೇ. ಆಗ ಕೆಲವೇ ಸೆಂಟುಗಳ ಪೊಟ್ಟಣದಲ್ಲಿ ಬಂದ ಆ ಕಾರ್ಡಿನ, ಕೊಂಚವೂ ಊನವಾಗದ ಒಂದು ಪ್ರತಿ 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರಿಗೆ ಮಾರಾಟವಾಯಿತು. ಪತ್ರಿಕೆಗಳೆಲ್ಲ ಆ ಬೆಲೆಯನ್ನೇ ಬರೆದವು. ನನಗೆ ಹೆಚ್ಚು ಆಸಕ್ತಿ ಹುಟ್ಟಿಸುವುದು ಅದೇ ಸಂಚಿಕೆಯಲ್ಲಿರುವ ಇನ್ನೊಂದು ಕಾರ್ಡು. ಅದು ಗೋರ್ಡಿ ಹೌ ಅವರದು. ಸಸ್ಕಾಚವಾನ್ ಪ್ರಾಂತ್ಯದ ಬಡ ಕುಟುಂಬದಲ್ಲಿ 1928ರಲ್ಲಿ ಹುಟ್ಟಿ, 1946ರಲ್ಲಿ ಡೆಟ್ರಾಯಿಟ್ ತಂಡ ಸೇರಿದವರು. ಮಣಿಕಟ್ಟಿನ ಸಂಧಿವಾತದಿಂದ 1971ರಲ್ಲಿ ನಿವೃತ್ತರಾದರು. ಎರಡು ವರ್ಷ ಬಿಟ್ಟು, 45ನೇ ವಯಸ್ಸಿನಲ್ಲಿ, ತಮ್ಮಿಬ್ಬರು ಮಕ್ಕಳೊಂದಿಗೆ ಒಂದೇ ತಂಡದಲ್ಲಿ ಆಡಲು ಆ ಇನ್ನೊಂದು ಲೀಗಿಗೆ ಮರಳಿದರು. 1979-80ರಲ್ಲಿ ಎನ್‌ಎಚ್‌ಎಲ್‌ನಲ್ಲಿ ತಮ್ಮ ಕೊನೆಯ ಋತುವನ್ನು ಆಡಿದಾಗ ಅವರಿಗೆ 52 ತುಂಬಿತ್ತು. ಆ ವರ್ಷ 80 ಪಂದ್ಯಗಳಲ್ಲಿ ಎಂಬತ್ತನ್ನೂ ಆಡಿದರು. ಹದಿನೆಂಟರ ಹುಡುಗನ ಮೊದಲ ಕಾರ್ಡು, ಐವತ್ತರಾಚೆಯ ಹಿರಿಯರ ಕೊನೆಯ ಕಾರ್ಡು ಒಂದೇ ಸಂಚಿಕೆಯಲ್ಲಿ ಸೇರಿಕೊಂಡಿವೆ.

ಈಗ ಒಂದು ಲೆಕ್ಕ ಮಾಡೋಣ. ಅತಿ ಹೆಚ್ಚು ಗೋಲು ಹೊಡೆದವರು ಯಾರು? ರಷ್ಯಾದಿಂದ ಬಂದ ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು ತಮ್ಮ 895ನೇ ಗೋಲು ಹೊಡೆದು ಗ್ರೆಟ್‌ಸ್ಕಿಯನ್ನು ಹಿಂದಿಕ್ಕಿದರು. ಎನ್‌ಎಚ್‌ಎಲ್ ಲೆಕ್ಕದಲ್ಲಿ ಹೌ ಅವರದು 801. ಆದರೆ ಆ ಇನ್ನೊಂದು ಲೀಗಿನ 174 ಗೋಲು ಸೇರಿಸಿದರೆ ಅವರ ಮೊತ್ತ 975 ಆಗುತ್ತದೆ, ಗ್ರೆಟ್‌ಸ್ಕಿಯದು 940. ಯಾವ ಲೀಗನ್ನು ಎಣಿಸುತ್ತೀರಿ ಎಂಬುದರ ಮೇಲೆ ‘ಅತಿ ಹೆಚ್ಚು’ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ಅಷ್ಟೇ ಅಲ್ಲ, ಕಾಲವೂ ಬೇರೆ. ಹೌ ಬಂದಾಗ ಲೀಗಿನಲ್ಲಿ ಆರೇ ತಂಡಗಳಿದ್ದವು, ಒಂದು ಋತುವಿಗೆ 60 ಪಂದ್ಯ. ಗೋಲು ಕಾಯುವವರು ಮುಖಕ್ಕೆ ಕವಚವಿಲ್ಲದೆ ನಿಲ್ಲುತ್ತಿದ್ದರು. ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಹೊಲಿಗೆ ಹಾಕಿಸಿಕೊಂಡ ಮುಖದೊಡನೆ ಮುಖವಾಡ ಧರಿಸಿ ಮರಳಿದ್ದು 1959ರ ನವೆಂಬರ್ 1ರಂದು. ಗ್ರೆಟ್‌ಸ್ಕಿ 92 ಗೋಲು ಹೊಡೆದ 1981-82ರಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ ಎಂಟು ಗೋಲು ಬೀಳುತ್ತಿದ್ದವು. ಒವೆಚ್ಕಿನ್ ಬರುವ ಹೊತ್ತಿಗೆ ರಕ್ಷಣೆಯ ತಂತ್ರ, ಗೋಲಿಯ ಸಲಕರಣೆ ಎಲ್ಲ ಬದಲಾಗಿದ್ದವು. 2003-04ರಲ್ಲಿ ಆ ಸರಾಸರಿ ಐದಕ್ಕೆ ಇಳಿದಿತ್ತು. ಆದ್ದರಿಂದ ಮೂವರ ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದು ಯಾರು ದೊಡ್ಡವರೆಂದು ಕೇಳುವುದು, ಮಳೆಗಾಲದ ತುಂಗೆಯನ್ನೂ ಬೇಸಿಗೆಯ ತುಂಗೆಯನ್ನೂ ಒಂದೇ ಕೋಲಿನಿಂದ ಅಳೆದು ಹೊಳೆಯನ್ನು ದೂರಿದಂತೆ.

ಭಾವನವರ ಚಿಕ್ಕಪ್ಪನ ವಿಷಯಕ್ಕೆ ಬರೋಣ. 1967 ಕೆನಡಾದ ಇತಿಹಾಸದಲ್ಲಿ ಎರಡು ಕಾರಣಕ್ಕೆ ನನಗೆ ಮುಖ್ಯ. ಆ ವರ್ಷ ಎನ್‌ಎಚ್‌ಎಲ್ ಆರು ತಂಡಗಳಿಂದ ಹನ್ನೆರಡಕ್ಕೆ ಬೆಳೆಯಿತು. ಒಂದೇ ಏಟಿಗೆ ಆಟಗಾರರ ಕೆಲಸಗಳು ಇಮ್ಮಡಿಯಾದವು. ಅದೇ ವರ್ಷ ಕೆನಡಾ ವಲಸಿಗರನ್ನು ಹುಟ್ಟಿದ ದೇಶ ನೋಡದೆ ಓದು, ವೃತ್ತಿ, ಭಾಷೆಗೆ ಅಂಕ ಕೊಟ್ಟು ಆರಿಸುವ ಪದ್ಧತಿ ತಂದಿತು. ಮರುವರ್ಷದಿಂದ ಸರ್ಕಾರಿ ವೈದ್ಯಕೀಯ ವಿಮೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹರಡಿತು, ವೈದ್ಯರು ಸಾಲದಾದರು. ಚಿಕ್ಕಪ್ಪ ಬಂದದ್ದು ಆ ಬಾಗಿಲು ಅಗಲವಾಗಿ ತೆರೆದಿದ್ದ ಕಾಲದಲ್ಲಿ. 1970ರ ದಶಕದ ನಡುವಿನಿಂದ ಬಾಗಿಲು ಕಿರಿದಾಯಿತು. ಅವರ ಪ್ರತಿಭೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆ ಚಳಿಯಲ್ಲಿ, ಫೋನ್ ಕರೆಗೂ ದಿನ ಗೊತ್ತುಮಾಡಿ ಕಾಯಬೇಕಿದ್ದ ಕಾಲದಲ್ಲಿ, ಕನ್ನಡದ ಒಂದು ಮಾತಿಲ್ಲದೆ ಬದುಕಿದ ಅವರ ಒಂಟಿತನ ನನಗೆ ಬರಲಿಲ್ಲ. ಅವರಿಗೆ ಮುಖವಾಡವಿರಲಿಲ್ಲ; ನನಗೆ ಗೋಲು ಸಿಗಲಿಲ್ಲ. ಇಬ್ಬರ ಕಾಲವೂ ಬೇರೆ.

ವೈದ್ಯನಾಗಿ ಇನ್ನೊಂದು ಮಾತು ಹೇಳಬೇಕು: ಹಿಂಬದಿಯಲ್ಲೂ ಬರೆಯದ ಸಂಗತಿಗಳಿವೆ. ಬಾಬಿ ಓರ್ ಎಂಬ ಆಟಗಾರನ ಒಟ್ಟು ಪಂದ್ಯ 657. ಹೌ ಆಡಿದ್ದು 1,767. ಅಂಕಿ ನೋಡಿದವರು ಓರ್‌ನನ್ನು ಅಲ್ಪಕಾಲದ ಆಟಗಾರ ಎನ್ನಬಹುದು. ಆದರೆ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನೆಂಬ ಪ್ರಶಸ್ತಿಯನ್ನು ಸತತ ಎಂಟು ವರ್ಷ ಗೆದ್ದ ಅವರು ಮೂವತ್ತಕ್ಕೇ ಆಟ ಬಿಡಬೇಕಾಯಿತು. ಕಾರಣ ಎಡಮೊಣಕಾಲು. ಅವರ ಕಾಲದಲ್ಲಿ ಮೊಣಕಾಲನ್ನು ಅಗಲವಾಗಿ ಕೊಯ್ದು, ಹರಿದ ಮೆದು ಎಲುಬನ್ನು ತೆಗೆದುಹಾಕುತ್ತಿದ್ದರು. ಕೀಲು ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು. ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಮಾಡುವ ಇಂದಿನ ಶಸ್ತ್ರಚಿಕಿತ್ಸೆ ಇದ್ದಿದ್ದರೆ ಅವರ ಕಾರ್ಡಿನಲ್ಲಿ ಇನ್ನೂ ಕೆಲವು ಸಾಲುಗಳಿರುತ್ತಿದ್ದವೆಂದು ನನ್ನ ನಂಬಿಕೆ. 657 ಎಂಬ ಅಂಕಿ ಪ್ರತಿಭೆಯ ಅಳತೆಯಲ್ಲ, ಆ ಕಾಲದ ವೈದ್ಯಶಾಸ್ತ್ರದ ಅಳತೆ.

ಚಿಕ್ಕ ಅಂಕಿಗಳಿಗೂ ಅವುಗಳದ್ದೇ ಘನತೆ ಇದೆ. ಮಕಾರೋವ್ ಬಂದ 1989ರಲ್ಲೇ ರಾಬಿನ್ ಬಾವಾ ಎನ್‌ಎಚ್‌ಎಲ್‌ನಲ್ಲಿ ಆಡಿದ ಭಾರತೀಯ ಮೂಲದ ಮೊದಲ ಆಟಗಾರರಾದರು. ಒಟ್ಟು 61 ಪಂದ್ಯ, 6 ಗೋಲು. ಅವರ ನಂತರ ಬಂದ ಮ್ಯಾನಿ ಮಲ್ಹೋತ್ರಾ, ನಡುವೆ ಕಣ್ಣಿಗೆ ಘೋರ ಪೆಟ್ಟು ಬಿದ್ದೂ, 991 ಪಂದ್ಯ ಆಡಿದರು. ಬರಿಯ ಅಂಕಿ ನೋಡುವವರಿಗೆ 61 ಏನೂ ಅಲ್ಲ. ತಮ್ಮಂಥ ಮುಖ ಇನ್ನೊಂದಿಲ್ಲದ ಕೋಣೆಗೆ ಮೊದಲ ಬಾರಿಗೆ ಕಾಲಿಟ್ಟವರಿಗೆ ಆ ಅಂಕಿಯ ತೂಕ ಗೊತ್ತು.

ಇಷ್ಟೆಲ್ಲ ಬರೆದ ಮೇಲೆ ನನ್ನ ಕಾರ್ಡನ್ನೂ ತಿರುಗಿಸಿ ತೋರಿಸದಿದ್ದರೆ ನ್ಯಾಯವಾಗದು. ಶಿವಮೊಗ್ಗದ ಮನೆಯ ಗೋಡೆಯ ಮೇಲೆ ಬಿಳಿ ಕೋಟು ಹಾಕಿದ ನನ್ನ ಚಿತ್ರವೊಂದಿದೆ. ‘ಕೆನಡಾದಲ್ಲಿ ಡಾಕ್ಟರ್’ ಎಂದು ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಿದ್ದರು. ಆ ಚಿತ್ರ ತೆಗೆದದ್ದು ಕರ್ನಾಟಕದಲ್ಲಿ, ನಾನು ಎಂ.ಡಿ. ಓದುತ್ತಿದ್ದಾಗ. ಅದು ಮುಂಬದಿ. ಹಿಂಬದಿಯ ಸಾಲುಗಳು ಹೀಗಿವೆ.

2003: ಬಂದ ವರ್ಷ, ವಯಸ್ಸು 32. ಪಾರ್ಸೆಲ್ ವಿಂಗಡಿಸುವ ಗೋದಾಮಿನಲ್ಲಿ ರಾತ್ರಿ ಪಾಳಿ. 2004: ಅದೇ ಗೋದಾಮು, ಹಗಲು ಓದು, ಮೊದಲ ಅರ್ಹತಾ ಪರೀಕ್ಷೆ. 2005: ಮಗ ಹುಟ್ಟಿದ, ಎರಡನೇ ಪರೀಕ್ಷೆ, ತರಬೇತಿಗೆ ಹಾಕಿದ ಅರ್ಜಿಗಳಿಗೆ ಒಂದೂ ಸಂದರ್ಶನವಿಲ್ಲ. 2006: 35ನೇ ವಯಸ್ಸಿನಲ್ಲಿ ಮೊದಲ ವರ್ಷದ ರೆಸಿಡೆಂಟ್, ನನಗೆ ಮೇಲಿನವಳಾಗಿದ್ದ ವೈದ್ಯೆಗೆ 27. 2010: ತರಬೇತಿ ಮುಗಿಯಿತು. 2010ರಿಂದ 2015: ಸರ್ಕಾರದೊಂದಿಗಿನ ಕರಾರಿನಂತೆ ವೈದ್ಯರ ಕೊರತೆಯಿದ್ದ ಸಣ್ಣ ಊರಿನಲ್ಲಿ ಐದು ವರ್ಷ ಸೇವೆ.

ಮೊದಲ ಮೂರು ವರ್ಷ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆ. “ರಾತ್ರಿ ಪಾಳಿ ಜಾಸ್ತಿಯಾ?” ಎಂದು ಅಮ್ಮ ಕೇಳುತ್ತಿದ್ದರು. “ಹೌದಮ್ಮ, ಈ ವಾರವೂ ರಾತ್ರಿ ಪಾಳಿ” ಎನ್ನುತ್ತಿದ್ದೆ. ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟಿದ್ದೂ ಅದು ಸುಳ್ಳೇ ಆಗಿತ್ತು. ಅಮ್ಮ 2012ರಲ್ಲಿ ತೀರಿಕೊಂಡರು. ಅವರಿಗೆ ಗೋದಾಮಿನ ವಿಷಯ ಗೊತ್ತಾಗಲೇ ಇಲ್ಲ.

ನೋವಾಗಬಾರದೆಂದು ಮುಚ್ಚಿಟ್ಟೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ. ಈಗ ನೋಡಿದರೆ ಆ ಮೌನದ ಬಡ್ಡಿ ಅಕ್ಕನ ಮಗನ ತಲೆಯ ಮೇಲೆ ಬಿದ್ದಿದೆ. ಅವನ ಕೈಯಲ್ಲಿರುವುದು ಮುಂಬದಿ ಮಾತ್ರ ಮುದ್ರಿಸಿದ ಕಾರ್ಡು. ಒಂದು ಚಿಕ್ಕಪ್ಪನದು, ಒಂದು ನನ್ನದು. ಅವನ್ನು ನಂಬಿ ಅವನು ತನ್ನ ಬಾಳಿನ ಹತ್ತು ವರ್ಷಗಳನ್ನು ಪಣಕ್ಕಿಡಲು ಹೊರಟಿದ್ದಾನೆ.

ಹಾಗಾದರೆ ಬರಬೇಡವೆನ್ನುತ್ತೇನೆಯೇ? ಇಲ್ಲ. ಪರೀಕ್ಷೆಗಳನ್ನು ದೂರುವುದೂ ನನ್ನ ಉದ್ದೇಶವಲ್ಲ. ಬೇರೆ ದೇಶದ ರೋಗಿಯ ಮೈ ಮುಟ್ಟುವ ಮೊದಲು ನನ್ನ ಜ್ಞಾನವನ್ನು ಒರೆಗೆ ಹಚ್ಚಿದ್ದು ಸರಿಯೇ. ಮೊದಲ ವರ್ಷದ ರೆಸಿಡೆಂಟ್ ಆಗಿ ನಾನು ಕಲಿತದ್ದು ಕಡಿಮೆಯಲ್ಲ. ಇಲ್ಲಿನ ನಿಯಮಗಳು ಈಗ ಸ್ವಲ್ಪ ಸಡಿಲಗೊಂಡಿವೆ. ಅನುಭವಿ ವೈದ್ಯರನ್ನು ಕೆಲವು ವಾರ ಕೆಲಸದಲ್ಲೇ ಪರೀಕ್ಷಿಸಿ ಒಪ್ಪಿಕೊಳ್ಳುವ ವ್ಯವಸ್ಥೆ ಹಲವು ಪ್ರಾಂತ್ಯಗಳಲ್ಲಿ ಬಂದಿದೆ. ಅಕ್ಕನ ಮಗನ ಕಾಲ ನನ್ನ ಕಾಲಕ್ಕಿಂತ ಒಳ್ಳೆಯದಿರಬಹುದು, ಕಷ್ಟದ್ದೂ ಇರಬಹುದು. ನನ್ನ ಕಾರ್ಡು ಅವನಿಗೆ ಭರವಸೆಯೂ ಅಲ್ಲ, ಬೆದರಿಕೆಯೂ ಅಲ್ಲ.

ಬರಬಯಸುವವರಿಗೆ ನಾನು ಹೇಳುವುದು ಇಷ್ಟೆ. ವಿದೇಶದಲ್ಲಿರುವ ಬಂಧುವನ್ನು ‘ಹೇಗಿದ್ದೀರಿ’ ಎಂದು ಕೇಳಬೇಡಿ. ‘ಯಾವ ವರ್ಷ ಬಂದಿರಿ, ಮೊದಲ ಐದು ವರ್ಷ ಏನು ಮಾಡಿದಿರಿ’ ಎಂದು ಕೇಳಿ. ಮತ್ತೊಮ್ಮೆ ಹೊಸಬರಾಗುವ ಮನಸ್ಸು ನಿಮಗಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೊಸಬನಾಗುವುದು ಅವಮಾನವಲ್ಲ, ಆದರೆ ಗೊತ್ತಿಲ್ಲದೆ ಆಗುವುದು ಯಾತನೆ. ಊರಿನಲ್ಲಿರುವ ಬಂಧುಗಳಿಗೆ ಹೇಳುವುದು: ನಿಮ್ಮ ಮಕ್ಕಳನ್ನು ಬೇರೊಂದು ಕಾಲದವರ ಅಂಕಿಯಿಂದ ತೂಗಬೇಡಿ. ನೀವು ಹಾಗೆ ತೂಗುತ್ತೀರೆಂಬ ಭಯಕ್ಕೇ ನಾವು ಹಿಂಬದಿಯನ್ನು ಮುಚ್ಚಿಡುತ್ತೇವೆ. ನನ್ನಂತೆ ಇಲ್ಲಿ ನೆಲೆ ನಿಂತವರಿಗೆ ಹೇಳುವುದು: ಮುಚ್ಚಿಟ್ಟದ್ದು ಸಾಕು.

ಅಂದು ಅಡುಗೆಮನೆಯ ಮೇಜಿನ ಬಳಿ ಮಗನಿಗೆ ಕೊಟ್ಟ ಉತ್ತರ ಇದು: “ನೀನು ಹುಟ್ಟಿದ ಮರುವರ್ಷ ನಾನೂ ರೂಕಿ ಆಗಿದ್ದೆ ಕಣೋ. ನನಗೆ ಆಗ ಮೂವತ್ತೈದು.” ಅವನು ಕಾರ್ಡನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, ಮಕಾರೋವ್‌ನನ್ನು ರೂಕಿಗಳ ಸಾಲಿನಲ್ಲೇ ಇಟ್ಟ.

ಮೇಲಿನ ಆ ವರ್ಷಗಳ ಪಟ್ಟಿಯನ್ನು ಕಳೆದ ವಾರ ಅಕ್ಕನ ಮಗನಿಗೆ ಕಳಿಸಿದೆ. ಮರುದಿನ ಅವನಿಂದ ಒಂದೇ ಸಾಲು ಬಂತು: “ಮಾವ, ಗೋದಾಮಿನ ವಿಷಯ ಅಮ್ಮನಿಗೆ ಗೊತ್ತಾ?”

ಗೊತ್ತಿಲ್ಲ. ಅಕ್ಕ ಈ ಅಂಕಣವನ್ನು ತಪ್ಪದೆ ಓದುತ್ತಾಳೆ.